ಓರೆಯಾಗಿ ಬರೆದ ಚೌಕ

ಗಮನ ಕೊಟ್ಟರೆ ರೇಖಾಗಣಿತ ತಾನಾಗಿ ಬರುತ್ತದೆ ಎಂದು ಒಂದು ಲೇಖನದಲ್ಲಿ ಓದಿದೆ. ಅಷ್ಟೇ ಸಾಲದು ಅನ್ನಿಸುತ್ತದೆ. ಬಸವನಗುಡಿಯಲ್ಲಿ ಒಂಬತ್ತನೇ ತರಗತಿ ಮಕ್ಕಳಿಗೆ ಮನೆಪಾಠ ಹೇಳುತ್ತೇನೆ. ಚೌಕವನ್ನು ಓರೆಯಾಗಿ ಬರೆದರೆ ಸಾಕು, 'ಡೈಮಂಡ್, ಮಿಸ್' ಅನ್ನುತ್ತಾರೆ. ವ್ಯಾಖ್ಯೆ ಬಾಯಿಪಾಠ ಇದೆ. ಕಣ್ಣಿಗೆ ಮೊದಲು ಹೊಳೆದ ಉತ್ತರವನ್ನು ತಡೆಯುವುದೇ ಕಷ್ಟ. ಪ್ರಮೇಯದ ಸಾಧನೆ ಬರೆಯುವಾಗ ಕಷ್ಟ ಇನ್ನೂ ಜಾಸ್ತಿ. ದತ್ತ (ಕೊಟ್ಟಿರುವುದು), ಸಾಧನೀಯ (ಸಾಧಿಸಿ ತೋರಿಸಬೇಕಾದದ್ದು) ಎರಡನ್ನೂ ತಲೆಯಲ್ಲಿಟ್ಟುಕೊಂಡೇ ಒಂದೇ ಬಾಹುವನ್ನು ಎರಡು ತ್ರಿಭುಜಗಳಲ್ಲಿ ನೋಡಬೇಕು. 2000ರಲ್ಲಿ ಮನಶ್ಶಾಸ್ತ್ರಜ್ಞ ಅಕಿರಾ ಮಿಯಾಕೆ ಮತ್ತು ಸಂಗಡಿಗರು ಬೇರ್ಪಡಿಸಿ ತೋರಿಸಿದ ಮನಸ್ಸಿನ ಮೂರು ಶಕ್ತಿಗಳೂ ಇವೇ ಅಲ್ವಾ: ತಡೆಯುವುದು, ನೆನಪಿನಲ್ಲಿರುವುದನ್ನು ಆಗಾಗ ಹೊಸದು ಮಾಡಿಕೊಳ್ಳುವುದು, ನೋಟ ಬದಲಿಸುವುದು. ಅದಕ್ಕೇ ದತ್ತವನ್ನೆಲ್ಲ ಮೊದಲು ಚಿತ್ರದ ಮೇಲೇ ಬಣ್ಣದ ಪೆನ್ಸಿಲ್‌ನಲ್ಲಿ ಗುರುತು ಮಾಡಿಸುತ್ತೇನೆ. ಸುಮ್ನೆ ಕೂರುತ್ತಿದ್ದ ಮಕ್ಕಳೂ ಆಮೇಲೆ ಮೊದಲ ಸಾಲು ತಾವೇ ಬರೆಯುತ್ತಾರೆ.