ಲ್ಯಾಬ್‌ನಲ್ಲಿ ಎಷ್ಟು ಸಿಸ್ಟಮ್ ಇದೆ ಅಂತ ಕೇಳುವವರೇ ಎಲ್ಲ

ಕಾಲೇಜಿನ ಕಂಪ್ಯೂಟರ್ ಲ್ಯಾಬ್ ಬಗ್ಗೆ ಯಾರೇ ಮಾತು ತೆಗೆದರೂ ಮೊದಲ ಪ್ರಶ್ನೆ ಒಂದೇ. ಎಷ್ಟು ಸಿಸ್ಟಮ್ ಇದೆ? ಅಡ್ಮಿಶನ್‌ಗೆ ಬರುವ ಅಪ್ಪ ಅಮ್ಮ ಅದನ್ನೇ ಕೇಳುತ್ತಾರೆ. ಅಫಿಲಿಯೇಶನ್‌ಗೆ ವಿಶ್ವವಿದ್ಯಾಲಯದಿಂದ ತಪಾಸಣೆಗೆ ಬರುವ ಎಲ್‌ಐಸಿ ಕಮಿಟಿಯವರು ಬಾಗಿಲಲ್ಲೇ ನಿಂತು ಎಣಿಸುತ್ತಾರೆ. ಕಾಲೇಜುಗಳಿಗೆ ಗ್ರೇಡ್ ಕೊಡುವ ನ್ಯಾಕ್‌ಗೆ ನಾವು ತುಂಬಿಕೊಟ್ಟ ವರದಿಯಲ್ಲೂ ವಿದ್ಯಾರ್ಥಿ–ಕಂಪ್ಯೂಟರ್ ಅನುಪಾತ ಅಂತ ಒಂದು ಕಾಲಂ ಇತ್ತು. ವಿದ್ಯಾರ್ಥಿಗಳಿಗೆ ಬೇರೆಯಾಗಿ ತೃಪ್ತಿ ಸಮೀಕ್ಷೆ ಇದೆ, ಒಳ್ಳೆಯದೇ. ಸಿಲೆಬಸ್ ಹೇಗಿದೆ ಅಂತ ನಮ್ಮಿಂದಲೂ ಫೀಡ್‌ಬ್ಯಾಕ್ ತೆಗೆದುಕೊಳ್ಳುತ್ತಾರೆ. ಆದರೆ "ಮೇಡಂ, ಈ ರೂಮಿನಲ್ಲಿ ಪಾಠ ಮಾಡೋಕೆ ನಿಮಗೆ ಆಗ್ತಿದೆಯಾ?" ಅಂತ ಇವತ್ತಿನವರೆಗೆ ಯಾರೂ ನನ್ನನ್ನು ಕೇಳಿಲ್ಲ.

ಕೊಡಗಿನ ಒಂದು ಪದವಿ ಕಾಲೇಜಿನಲ್ಲಿ ಬಿಸಿಎ, ಬಿಬಿಎ, ಬಿಕಾಂ ಮಕ್ಕಳಿಗೆ ಪಾಠ ಮಾಡುವವಳು ನಾನು. ಕಾಲೇಜಿನ ಹೆಸರು ಬೇಡ, ನಮ್ಮದು ಚಿಕ್ಕ ಜಿಲ್ಲೆ, ಗೊತ್ತಿದ್ದವರಿಗೆ ಗೊತ್ತಾಗುತ್ತದೆ. ಕೇಳದಿದ್ದರೂ ನಾನೇ ಹೇಳಿಬಿಡುತ್ತೇನೆ. ಪಾಠ ಮಾಡುವವರಿಗೆ ಸಮಾಧಾನ ಕೊಡುವುದು ಸಿಸ್ಟಮ್‌ಗಳ ಸಂಖ್ಯೆಯಲ್ಲ. ಐ5, ಐ7 ಪ್ರೊಸೆಸರ್ ಕೂಡ ಅಲ್ಲ. ಬಾಗಿಲು ತೆಗೆದ ಮೇಲೆ ಪಾಠ ಶುರುವಾಗಲು ಎಷ್ಟು ಹೊತ್ತು ಹಿಡಿಯುತ್ತದೆ, ನಿಂತ ಜಾಗದಿಂದ ಮಕ್ಕಳ ಸ್ಕ್ರೀನ್ ಕಾಣುತ್ತದಾ, ಏನಾದರೂ ಕೈಕೊಟ್ಟರೆ ಕರೆಯಲು ಒಂದು ಜನ ಇದೆಯಾ. ಇಷ್ಟೇ.

ಮೊದಲನೆಯದರಿಂದಲೇ ಶುರು ಮಾಡುತ್ತೇನೆ, ಏಕೆಂದರೆ ನಮ್ಮ ಮಳೆಗಾಲ ಹೊರಗಿನವರಿಗೆ ಅರ್ಥವಾಗುವುದಿಲ್ಲ. ಜುಲೈನಲ್ಲಿ ಮಳೆ ಜೋರಾಗಿ ಡಿಸಿ ರಜೆ ಘೋಷಿಸುತ್ತಾರೆ. ಮಕ್ಕಳಿಗೆ ಖುಷಿ. ಲ್ಯಾಬ್ ಮಾತ್ರ ಕಿಟಕಿ ಬಾಗಿಲು ಮುಚ್ಚಿಕೊಂಡು ಥಂಡಿಯಲ್ಲಿ ಕೂತಿರುತ್ತದೆ. ಗೋಡೆಗೆ ಬೂಷ್ಟು. ರಜೆ ಮುಗಿದು ಬಂದು ಸ್ವಿಚ್ ಹಾಕಿದರೆ ನಾಲ್ಕೈದು ಸಿಸ್ಟಮ್ ಬೀಪ್ ಬೀಪ್ ಅಂತ ಕೂಗುತ್ತವೆ, ಸ್ಕ್ರೀನ್ ಕಪ್ಪು. ರ‍್ಯಾಮ್‌ನ ಹೊಳೆಯುವ ಪಟ್ಟಿಗಳಿಗೆ ತೇವ ಹಿಡಿದು ಮಸುಕಾಗಿರುತ್ತದೆ. ಸಿಪಿಯು ಮುಚ್ಚಳ ಬಿಚ್ಚಿ, ಆ ಮೆಮೊರಿ ಸ್ಟಿಕ್ ಹೊರಗೆ ಎಳೆದು, ಪೆನ್ಸಿಲ್ ರಬ್ಬರ್‌ನಲ್ಲಿ ಮೆಲ್ಲಗೆ ಉಜ್ಜಿ, ಒಣ ಬಟ್ಟೆಯಲ್ಲಿ ಒರೆಸಿ, ಎರಡೂ ಬದಿ ಟಕ್ ಅನ್ನುವ ತನಕ ಒತ್ತಿದರೆ ಎದ್ದು ಕೂರುತ್ತದೆ. ನಮ್ಮ ಕೊನೆ ವರ್ಷದ ಹುಡುಗಿಯರು ಇದನ್ನು ನನಗಿಂತ ಚೆನ್ನಾಗಿ ಮಾಡುತ್ತಾರೆ. ಸಿಲೆಬಸ್‌ನಲ್ಲಿ ಇಲ್ಲದ ಪ್ರಾಕ್ಟಿಕಲ್ ಇದು.

ಇನ್ನೊಂದು ತಮಾಷೆ ಕೇಳಿ. "ಮೇಡಂ, ನೆಟ್ ಇಲ್ಲ" ಅಂತ ಒಬ್ಬ ಕೂಗುತ್ತಾನೆ. ಹೋಗಿ ನೋಡಿದರೆ ನೆಟ್ ಇದೆ. ಯಾವ ವೆಬ್‌ಸೈಟ್ ತೆರೆದರೂ ಸಂಪರ್ಕ ಸುರಕ್ಷಿತವಲ್ಲ ಅಂತ ಬರುತ್ತದೆ, ಅಷ್ಟೇ. ಮೂಲೆಯಲ್ಲಿರುವ ಗಡಿಯಾರ ನೋಡಿ, ಎಷ್ಟೋ ವರ್ಷ ಹಿಂದಿನ ತಾರೀಖು ತೋರಿಸುತ್ತಿರುತ್ತದೆ. ಮದರ್‌ಬೋರ್ಡ್ ಮೇಲೆ ನಾಣ್ಯದಷ್ಟು ದೊಡ್ಡ ಒಂದು ಸೆಲ್ ಇರುತ್ತದೆ, 2032 ನಂಬರಿನದು. ಕರೆಂಟ್ ಇಲ್ಲದಾಗ ತಾರೀಖು ನೆನಪಿಟ್ಟುಕೊಳ್ಳುವುದು ಅದೇ. ಸೆಲ್ ಸತ್ತರೆ ಕಂಪ್ಯೂಟರ್ ಹಳೇ ಕಾಲಕ್ಕೆ ಹೋಗುತ್ತದೆ. ವೆಬ್‌ಸೈಟ್‌ಗಳ ಸರ್ಟಿಫಿಕೇಟ್‌ಗೆ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಅವಧಿ ಇರುತ್ತದಲ್ಲ, ಆ ಹಳೇ ತಾರೀಖಿನ ಪ್ರಕಾರ ಅದಿನ್ನೂ ಶುರುವೇ ಆಗಿಲ್ಲ. ಹಾಗಾಗಿ ಬ್ರೌಸರ್ ಬಾಗಿಲು ಹಾಕುತ್ತದೆ. ಆ ಸೆಲ್ ವಾಚ್ ಅಂಗಡಿಯಲ್ಲೂ ಸಿಗುತ್ತದೆ. ಕಾಲೇಜಿನ ಲೆಕ್ಕದಲ್ಲಿ ತರಿಸಬೇಕಾದರೆ ಲೆಟರ್ ಬರೆಯಬೇಕು, ಸಹಿ ಆಗಬೇಕು, ಕೊಟೇಶನ್ ಬರಬೇಕು. ಸುಮ್ನೆ ನಮ್ಮ ಪರ್ಸಿನಿಂದಲೇ ತರುತ್ತೇವೆ. ಯಾವ ಲ್ಯಾಬ್ ಮೇಡಂ ಡ್ರಾಯರ್ ತೆಗೆದರೂ ಸೆಲ್, ರಬ್ಬರ್, ಸ್ಕ್ರೂಡ್ರೈವರ್, ಒಂದು ಎಚ್‌ಡಿಎಂಐ ಕನ್ವರ್ಟರ್ ಸಿಗುತ್ತದೆ.

ಕರೆಂಟಿನ ವಿಷಯ ಜಾಸ್ತಿ ಹೇಳುವುದಿಲ್ಲ. ಮರ ಬೀಳುತ್ತದೆ, ಲೈನ್ ಹೋಗುತ್ತದೆ, ಲೈನ್‌ಮ್ಯಾನ್‌ಗಳು ಆ ಮಳೆಯಲ್ಲಿ ಕಂಬ ಹತ್ತುವುದನ್ನು ನೋಡಿದವರು ಯಾರೂ ಅವರನ್ನು ಬೈಯುವುದಿಲ್ಲ. ನನ್ನ ತಕರಾರು ಯುಪಿಎಸ್ ಬಗ್ಗೆ. ಯುಪಿಎಸ್ ಇದೆ ಅಂತ ಸ್ಟಾಕ್ ಬುಕ್‌ನಲ್ಲಿ ಇರುತ್ತದೆ. ಒಳಗಿನ ಬ್ಯಾಟರಿ ಸತ್ತು ಕಾಲ ಆಗಿರುತ್ತದೆ. ಕರೆಂಟ್ ಕಣ್ಣು ಮಿಟುಕಿಸಿದರೆ ಸಾಕು, ಇಡೀ ಲ್ಯಾಬ್ ರೀಸ್ಟಾರ್ಟ್. ಅರ್ಧ ಗಂಟೆ ಕೂತು ಟೈಪ್ ಮಾಡಿದ ಪ್ರೋಗ್ರಾಂ ಸೇವ್ ಮಾಡದ ಮಕ್ಕಳ ಮುಖ ನೋಡಬೇಕು ಆಗ. ಇನ್ನು ಏಪ್ರಿಲ್‌ನ ಸಿಡಿಲಿಗೆ ನೆಟ್‌ವರ್ಕ್ ಸ್ವಿಚ್ ಸುಡುವುದು ಬೇರೆ. ಕಾಫಿ ತೋಟದವರು ಹೂ ಬಿಡಿಸುವ ಹೂಮಳೆಗೆ ಕಾದು ಕೂತಿರುತ್ತಾರೆ, ನಾವು ಗುಡುಗು ಕೇಳಿದ ತಕ್ಷಣ ಲ್ಯಾನ್ ಕೇಬಲ್ ಕೀಳಲು ಓಡುತ್ತೇವೆ.

ಇದೆಲ್ಲ ಮಳೆ, ಗಾಳಿ, ಸಿಡಿಲು. ಸರಿ, ಕೊಡಗಿನಲ್ಲಿ ಇದ್ದ ಮೇಲೆ ಇದ್ದದ್ದೇ. ಆದರೆ ಟೇಬಲ್ ಹೇಗೆ ಹಾಕಬೇಕು ಅನ್ನುವುದು ಮಳೆ ಮಾಡಿದ ತೀರ್ಮಾನ ಅಲ್ಲವಲ್ಲ.

ನಮ್ಮ ಲ್ಯಾಬ್‌ನಲ್ಲಿ ಟೇಬಲ್‌ಗಳು ಬಸ್ಸಿನ ಸೀಟಿನ ಹಾಗೆ ಸಾಲಾಗಿ ಬೋರ್ಡಿನ ಕಡೆ ಮುಖ ಮಾಡಿವೆ. ನಾನು ಮುಂದೆ ನಿಂತರೆ ನನಗೆ ಕಾಣುವುದು ಮಾನಿಟರ್‌ಗಳ ಬೆನ್ನು, ಅದರ ಮೇಲೆ ಒಂದಷ್ಟು ತಲೆಗೂದಲು. ಯಾರು ಎಲ್ಲಿ ಸಿಕ್ಕಿಹಾಕಿಕೊಂಡಿದ್ದಾರೆ ಗೊತ್ತಾಗುವುದಿಲ್ಲ. ಗೊತ್ತಾಗಬೇಕಾದರೆ ಸಾಲಿನ ಒಳಗೆ ನುಗ್ಗಬೇಕು. ಎರಡು ಸಾಲಿನ ನಡುವೆ ಚೇರ್ ಎಳೆದರೆ ದಾರಿ ಮುಚ್ಚಿತು, ಕೆಳಗೆ ವೈರ್ ಬೇರೆ. ನಡುವಿನ ಸೀಟಿನ ಹುಡುಗಿ "ಮೇಡಂ, ಎರರ್" ಅಂದರೆ ಈ ಕಡೆಯ ಮೂವರು ಎದ್ದು ನಿಲ್ಲಬೇಕು. ಹೀಗಾಗಿ ಏನಾಗುತ್ತದೆ ಗೊತ್ತಾ? ತುದಿಯಲ್ಲಿ ಕೂತವರಿಗೆ ಮೇಡಂ ಸಿಗುತ್ತಾರೆ, ನಡುವೆ ಕೂತವರಿಗೆ ಸಿಗುವುದಿಲ್ಲ. ಸ್ವಲ್ಪ ಸಮಯದಲ್ಲಿ ನಡುವಿನವರು ಕೇಳುವುದನ್ನೇ ಬಿಡುತ್ತಾರೆ. ಪಕ್ಕದವನ ಸ್ಕ್ರೀನ್ ನೋಡಿ ಹಾಗೇ ಟೈಪ್ ಮಾಡುತ್ತಾರೆ.

ಇನ್ನು ಕೆಲವು ಕಾಲೇಜುಗಳಲ್ಲಿ ಗೋಡೆಗೆ ತಾಗಿ ಸುತ್ತಲೂ ಟೇಬಲ್ ಹಾಕಿದ್ದಾರೆ. ವ್ಯಾಲ್ಯುಯೇಶನ್‌ಗೆ, ಪ್ರಾಕ್ಟಿಕಲ್ ಎಕ್ಸಾಮ್‌ಗೆ ಬೇರೆ ಕಾಲೇಜಿಗೆ ಹೋದಾಗ ನಾನು ಮೊದಲು ನೋಡುವುದು ಇದನ್ನೇ. ನಡುವೆ ನಿಂತು ಒಂದು ಸುತ್ತು ತಿರುಗಿದರೆ ಎಲ್ಲರ ಸ್ಕ್ರೀನ್ ಕಾಣುತ್ತದೆ. ಕೈ ಎತ್ತಿದವರ ಹತ್ತಿರ ಎರಡು ಹೆಜ್ಜೆಗೆ ಹೋಗಬಹುದು. ತೊಂದರೆ ಇಲ್ಲವೇ? ಇದೆ. ಮಕ್ಕಳ ಬೆನ್ನು ಬೋರ್ಡಿಗೆ. ಪ್ರೊಜೆಕ್ಟರ್ ನೋಡಿ ಅಂದರೆ ಕತ್ತು ತಿರುಗಿಸಬೇಕು. ಆದರೂ ಪ್ರಾಕ್ಟಿಕಲ್‌ಗೆ ನನ್ನ ವೋಟು ಇದಕ್ಕೇ. ನಡುವೆ ಒಂದು ಉದ್ದ ಮೇಜು, ತಿರುಗುವ ಚೇರ್ ಇದ್ದರೆ ಹತ್ತು ನಿಮಿಷ ಅಲ್ಲಿ ಮಾತಾಡಿ, ಆಮೇಲೆ ಗೋಡೆ ಕಡೆ ತಿರುಗಿ ಕೆಲಸ ಮಾಡಬಹುದು. ರೆಕಾರ್ಡ್ ಬುಕ್ ಇಡಲೂ ಜಾಗ ಸಿಗುತ್ತದೆ. ಈಗ ಕೀಬೋರ್ಡ್, ಮೌಸ್ ಹೋಗಿ ಉಳಿದ ಜಾಗದಲ್ಲಿ ರೆಕಾರ್ಡ್ ಹಿಡಿಯುವುದಿಲ್ಲ, ತೊಡೆ ಮೇಲೆ ಇಟ್ಟುಕೊಂಡು ಬರೆಯುತ್ತಾರೆ ಪಾಪ.

ಅಮೆರಿಕದ ನಾರ್ತ್ ಕೆರೊಲಿನಾ ಸ್ಟೇಟ್ ಯೂನಿವರ್ಸಿಟಿಯಲ್ಲಿ ರಾಬರ್ಟ್ ಬೈಕ್ನರ್ ಎಂಬ ಫಿಸಿಕ್ಸ್ ಪ್ರೊಫೆಸರ್ 1990ರ ದಶಕದಲ್ಲಿ ಸ್ಕೇಲ್-ಅಪ್ ಅಂತ ಒಂದು ತರಗತಿ ರೂಪಿಸಿದರು. ಏಳು ಅಡಿ ಅಗಲದ ದುಂಡು ಮೇಜು, ಒಂದೊಂದಕ್ಕೆ ಒಂಬತ್ತು ಜನ, ಮೂವರಿಗೊಂದು ಗುಂಪು, ಗುಂಪಿಗೊಂದು ಲ್ಯಾಪ್‌ಟಾಪ್. ಮೇಷ್ಟ್ರು ಮೇಜಿಂದ ಮೇಜಿಗೆ ಓಡಾಡುತ್ತಾರೆ. ಅಲ್ಲಿ ಮೂವರಿಗೆ ಒಂದು ಅಂತ ಬೇಕೆಂದೇ ಇಟ್ಟರು. ನಮ್ಮಲ್ಲಿ ಇಬ್ಬರಿಗೆ ಒಂದು ಇದ್ದರೆ ಅನುಪಾತದ ಕಾಲಂನಲ್ಲಿ ತಲೆ ತಗ್ಗಿಸುತ್ತೇವೆ. ಇಬ್ಬರು ಒಂದೇ ಸಿಸ್ಟಮ್‌ನಲ್ಲಿ ಕೂತು ಪ್ರೋಗ್ರಾಂ ಬರೆದರೆ ಒಳ್ಳೆಯದೇ ಆಗುವುದುಂಟು, ಮೌಸ್ ಒಬ್ಬನ ಕೈಯಲ್ಲೇ ಉಳಿಯದಂತೆ ನೋಡಿಕೊಂಡರೆ. ಆದರೆ ಅದನ್ನು ನೋಡಿಕೊಳ್ಳಲು ಮೇಡಂ ಅಲ್ಲಿಗೆ ತಲುಪಬೇಕಲ್ಲ!

ನಮ್ಮಲ್ಲಿ ಸಾಲು ಯಾಕೆ ಹೀಗೆ ಅಂತ ಹಳಬರನ್ನು ಕೇಳಿದೆ. ಉತ್ತರ ಸುಲಭ. ವೈರಿಂಗ್ ಮಾಡಿದವರು ಪ್ಲಗ್ ಪಾಯಿಂಟ್ ಎಲ್ಲಿ ಕೊಟ್ಟರೋ ಅಲ್ಲಿ ಟೇಬಲ್ ಬಂತು. ಎಲೆಕ್ಟ್ರಿಷಿಯನ್ ತಪ್ಪಲ್ಲ ಅದು. ಅವರ ಹತ್ತಿರ ನಿಂತು ಹೀಗೆ ಮಾಡಿ ಅನ್ನಲು ಪಾಠ ಮಾಡುವ ಯಾರನ್ನೂ ಕರೆದಿರಲಿಲ್ಲ.

2021ರಲ್ಲಿ ನಮ್ಮ ರಾಜ್ಯದಲ್ಲಿ ಎನ್‌ಇಪಿ, ಅಂದರೆ ರಾಷ್ಟ್ರೀಯ ಶಿಕ್ಷಣ ನೀತಿ, ಬಂದಾಗ ಡಿಜಿಟಲ್ ಫ್ಲೂಯೆನ್ಸಿ ಅಂತ ಒಂದು ಪೇಪರ್ ಬಂತು. ಬಿಎ, ಬಿಕಾಂ ಮಕ್ಕಳೂ ಲ್ಯಾಬಿಗೆ ಬರತೊಡಗಿದರು. ಬಿಸಿಎ ಒಂದೆರಡು ಬ್ಯಾಚಿಗೆ ಮಾಡಿದ ರೂಮು ಅದು. ನನಗೆ ಆ ಪೇಪರ್ ಇಷ್ಟವೇ ಆಗಿತ್ತು. ಫೋನಿನಲ್ಲಿ ರೀಲ್ಸ್ ಎಡಿಟ್ ಮಾಡುವ ಹುಡುಗನಿಗೆ ಫೈಲ್ ಎಲ್ಲಿ ಸೇವ್ ಆಯಿತು ಅಂತ ಗೊತ್ತಿರುವುದಿಲ್ಲ, ಫೋಲ್ಡರ್ ಅಂದರೆ ಏನು ಅಂತ ಕೇಳುತ್ತಾನೆ. ಅಂಥವರಿಗೇ ಬೇಕಾಗಿದ್ದ ಪಾಠ. ಆದರೆ ಸಿಲೆಬಸ್ ಬಂದಷ್ಟು ಬೇಗ ರೂಮು ಬರಲಿಲ್ಲ, ಜನವೂ ಬರಲಿಲ್ಲ. 2024ರಲ್ಲಿ ರಾಜ್ಯ ಎನ್‌ಇಪಿ ಬಿಟ್ಟು ಮತ್ತೆ ಮೂರು ವರ್ಷದ ಡಿಗ್ರಿಗೆ ಮರಳಿತು, ಸಿಲೆಬಸ್ ಮತ್ತೆ ಬದಲಾಯಿತು. ಇದರ ನಡುವೆ 2023ರಲ್ಲಿ ಚಿಕ್ಕ ಅಳುವಾರದಲ್ಲಿ ಕೊಡಗಿಗೇ ಒಂದು ವಿಶ್ವವಿದ್ಯಾಲಯ ಆಯಿತು. ಅದಕ್ಕೆ ಮೊದಲು ನಮ್ಮ ಎಲ್ಲ ಕಡತ ಮಂಗಳೂರಿಗೆ ಹೋಗಿ ಬರುತ್ತಿತ್ತು, ಹಾಗಾಗಿ ಖುಷಿಪಟ್ಟವರಲ್ಲಿ ನಾನೂ ಒಬ್ಬಳು. 2025ರಲ್ಲಿ ಹೊಸ ವಿವಿಗಳನ್ನು ಮುಚ್ಚುವ, ವಿಲೀನ ಮಾಡುವ ಮಾತು ಬಂತು. ವಿವಿ ಉಳಿಯುತ್ತದಾ ಅನ್ನುವ ಚರ್ಚೆ ನಡೆಯುವಾಗ ನನ್ನ ಟೇಬಲ್ ಯಾವ ಕಡೆ ತಿರುಗಿದೆ ಅಂತ ಯಾರು ಕೇಳುತ್ತಾರೆ ಹೇಳಿ.

ಕೆಲಸದ ತೃಪ್ತಿ ಬಗ್ಗೆ ಅಧ್ಯಯನ ಮಾಡಿದ ಮನೋವಿಜ್ಞಾನಿ ಹರ್ಜ್‌ಬರ್ಗ್ ಬಗ್ಗೆ ಬಿಬಿಎ ಮಕ್ಕಳಿಗೆ ನಾವೇ ಪಾಠ ಮಾಡುತ್ತೇವೆ. 1959ರಲ್ಲಿ ಬಂದ ವಿಚಾರ ಅದು. ಪಿಟ್ಸ್‌ಬರ್ಗ್ ಕಡೆಯ ಸುಮಾರು 200 ಎಂಜಿನಿಯರ್‌ಗಳನ್ನು, ಅಕೌಂಟೆಂಟ್‌ಗಳನ್ನು ಮಾತಾಡಿಸಿ ಅವರು ಕಂಡುಕೊಂಡದ್ದು ಏನೆಂದರೆ, ಕೆಲಸದಲ್ಲಿ ಬೇಜಾರು ತರುವ ಸಂಗತಿಗಳೇ ಬೇರೆ, ಖುಷಿ ಕೊಡುವ ಸಂಗತಿಗಳೇ ಬೇರೆ. ಕೆಲಸದ ಜಾಗ, ಸಂಬಳ, ಮೇಲಿನವರ ರೀತಿ ಇವೆಲ್ಲ ಕೆಟ್ಟರೆ ಬೇಜಾರು. ಸರಿಯಿದ್ದರೆ ಬೇಜಾರು ಇಲ್ಲ, ಅಷ್ಟೇ. ಖುಷಿ ಬರುವುದು ಕೆಲಸದ ಒಳಗಿಂದ. ಲ್ಯಾಬಿಗೆ ಇದು ಸರಿಯಾಗಿ ಹೊಂದುತ್ತದೆ. ಎಲ್ಲ ಸಿಸ್ಟಮ್ ಆನ್ ಆದ ದಿನ ನಾನೇನು ಕುಣಿಯುವುದಿಲ್ಲ. ಆದರೆ ಆ ದಿನ ಮಾತ್ರ, ಸೋಮವಾರಪೇಟೆ ಕಡೆಯಿಂದ ಎರಡು ಬಸ್ ಹಿಡಿದು ಬರುವ ಹುಡುಗಿಯ ಫಾರ್ ಲೂಪ್ ಯಾಕೆ ನಿಲ್ಲುತ್ತಿಲ್ಲ ಅಂತ ಪಕ್ಕದಲ್ಲಿ ಕೂತು ನೋಡಲು ನನಗೆ ಸಮಯ ಸಿಗುತ್ತದೆ. ಉಳಿದ ದಿನ ನಾನು ಮೆಕ್ಯಾನಿಕ್. ಕಡೇ ಬಸ್ ಟೈಮಿಗೆ ಬ್ಯಾಗ್ ಎತ್ತಿಕೊಂಡು ಓಡುವ ಮಕ್ಕಳನ್ನು ಇನ್ನು ಹತ್ತು ನಿಮಿಷ ಇರಿ ಅನ್ನಲೂ ಆಗುವುದಿಲ್ಲ.

ಕೆಮಿಸ್ಟ್ರಿ ಲ್ಯಾಬಿಗೆ ಹೋಗಿ ನೋಡಿ. ಸೊಲ್ಯೂಶನ್ ಮಾಡಿ, ಬ್ಯೂರೆಟ್ ತೊಳೆದು, ಟೇಬಲ್ ಮೇಲೆ ಜೋಡಿಸಿಡಲು ಒಬ್ಬರು ಇದ್ದಾರೆ. ಮೇಡಂ ಬರುತ್ತಾರೆ, ಪಾಠ ಶುರು. ಕಂಪ್ಯೂಟರ್ ಲ್ಯಾಬಿಗೆ ನಮ್ಮಲ್ಲಿ ಅಂಥ ಒಬ್ಬರಿಲ್ಲ. "ಕಂಪ್ಯೂಟರ್ ಮೇಡಂ ಅಲ್ವಾ, ನಿಮಗೆ ಗೊತ್ತಿರುತ್ತೆ" ಅನ್ನುತ್ತಾರೆ. ಆಫೀಸಿನ ಪ್ರಿಂಟರ್ ಕೆಟ್ಟರೂ ನನಗೇ ಫೋನು. ಎಎಂಸಿ, ಅಂದರೆ ವರ್ಷದ ರಿಪೇರಿ ಒಪ್ಪಂದ, ಇದೆ, ಕಾಗದದಲ್ಲಿ. ರಿಪೇರಿಯವರು ಮೈಸೂರಿಂದ ಬರಬೇಕು, ಎರಡು ಮೂರು ಕಂಪ್ಲೇಂಟ್ ಒಟ್ಟಾದ ಮೇಲೆ ಬರುತ್ತಾರೆ. ಅವರ ಲೆಕ್ಕ ಅವರಿಗೆ.

ಈಗ ಇನ್ನೊಂದು ತಲೆನೋವು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಸಪೋರ್ಟ್ ಮುಗಿಯಿತು. ವಿಂಡೋಸ್ 11 ಹಾಕಬೇಕಾದರೆ ಇಂಟೆಲ್ 8ನೇ ತಲೆಮಾರಿನ ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್, ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಬೇಕು. ಹಳೇ ಸಿಸ್ಟಮ್‌ಗಳಲ್ಲಿ ಅದಿಲ್ಲ. ಎಲ್ಲ ಎತ್ತಿ ಬಿಸಾಕಿ ಹೊಸದು ತನ್ನಿ ಅನ್ನುವವರೂ ಇದ್ದಾರೆ. ನಾನು ಒಪ್ಪುವುದಿಲ್ಲ. ಪೈಥಾನ್, ಸಿ, ಜಾವಾ ಕಲಿಸಲು ಆ ಸಿಸ್ಟಮ್‌ಗೆ ವಿಂಡೋಸ್ ಬದಲು ಉಚಿತವಾಗಿ ಸಿಗುವ ಲಿನಕ್ಸ್ ಹಾಕಿದರೆ ಆರಾಮಾಗಿ ನಡೆಯುತ್ತದೆ. ನೀಲಿ ಸ್ಕ್ರೀನಿನ ಹಳೇ ಸಾಫ್ಟ್‌ವೇರ್ ಟರ್ಬೋ ಸಿ ಬಿಟ್ಟು ಬೇರೆ ಬೇಡ ಅನ್ನುವ ಹಿರಿಯ ಸಹೋದ್ಯೋಗಿಗಳ ಜೊತೆ ಜಗಳ ಬಾಕಿ ಇದೆ, ಅದು ಇನ್ನೊಂದು ಪೋಸ್ಟಿಗೆ. ವೇಯಾನ್ ಅಂತ ಒಂದು ಉಚಿತ ಸಾಫ್ಟ್‌ವೇರ್ ಇದೆ, ಎಲ್ಲ ಮಕ್ಕಳ ಸ್ಕ್ರೀನ್ ನನ್ನ ಸ್ಕ್ರೀನಿನಲ್ಲೇ ಚಿಕ್ಕ ಚಿಕ್ಕದಾಗಿ ಕಾಣುತ್ತದೆ. ನನ್ನದನ್ನೂ ಅವರಿಗೆ ತೋರಿಸಬಹುದು, ಪ್ರೊಜೆಕ್ಟರ್ ಬೇಕಾಗಿಲ್ಲ. ಲ್ಯಾನ್ ಸರಿಯಿದ್ದ ದಿನ ಇದನ್ನು ಬಳಸಿದ್ದೇನೆ, ಸಾಲಿನ ನಡುವೆ ನುಗ್ಗುವ ಕೆಲಸ ಅರ್ಧ ಕಡಿಮೆಯಾಗುತ್ತದೆ. ಹೊಸ ಸಿಸ್ಟಮ್‌ಗೆ ಇಡುವ ದುಡ್ಡಿನಲ್ಲಿ ಮೊದಲು ಯುಪಿಎಸ್ ಬ್ಯಾಟರಿ, ಒಳ್ಳೆಯ ಅರ್ಥಿಂಗ್, ಕೇಬಲ್, ಆಮೇಲೆ ತಿಂಗಳ ಸಂಬಳಕ್ಕೆ ಒಬ್ಬ ಲ್ಯಾಬ್ ಅಸಿಸ್ಟೆಂಟ್. ನಮ್ಮಲ್ಲೇ ಬಿಸಿಎ ಮುಗಿಸಿ ಬೆಂಗಳೂರಿಗೆ ಹೋಗಲಾಗದೆ ಮನೆಯಲ್ಲಿರುವ ಹುಡುಗ ಹುಡುಗಿಯರು ಎಷ್ಟು ಜನ ಇಲ್ಲ?

ಇಷ್ಟೆಲ್ಲ ಈಗ ಬರೆಯಲು ಕಾರಣ ಇದೆ. ಬರುವ ಬೇಸಿಗೆ ರಜೆಯಲ್ಲಿ ನಮ್ಮ ಲ್ಯಾಬಿನ ವೈರಿಂಗ್ ಪೂರ್ತಿ ಹೊಸದಾಗಿ ಮಾಡಿಸುತ್ತಾರಂತೆ. ಪ್ಲಗ್ ಪಾಯಿಂಟ್ ಎಲ್ಲಿ ಬರಬೇಕು ಅಂತ ಗೋಡೆಗೆ ಗುರುತು ಹಾಕುವ ದಿನ ನಾನು ಅಲ್ಲಿ ಇರುತ್ತೇನೆ ಅಂತ ಪ್ರಿನ್ಸಿಪಾಲರಿಗೆ ಹೇಳಿ ಆಗಿದೆ. ನಗುತ್ತಾ ಆಯಿತು ಮೇಡಂ ಅಂದಿದ್ದಾರೆ. ವಿರಾಜಪೇಟೆ, ಗೋಣಿಕೊಪ್ಪ, ಕುಶಾಲನಗರ ಕಡೆಯ ಲ್ಯಾಬ್‌ನಲ್ಲಿ ಪಾಠ ಮಾಡುವ ಗೆಳೆಯರು ಇದನ್ನು ಓದುತ್ತಿದ್ದರೆ ನಿಮ್ಮ ರೂಮಿನ ಒಂದು ಫೋಟೋ ಹಾಕಿ. ಸಿಸ್ಟಮ್ ಎಷ್ಟು ಅಂತ ಬೇಡ. ಟೇಬಲ್ ಯಾವ ಕಡೆ ತಿರುಗಿದೆ, ವೈರ್ ಎಲ್ಲಿಂದ ಎಳೆದಿದ್ದಾರೆ, ನೀವು ಎಲ್ಲಿ ನಿಲ್ಲುತ್ತೀರಿ ಅನ್ನುವುದು ಕಂಡರೆ ಸಾಕು. ಎಲೆಕ್ಟ್ರಿಷಿಯನ್‌ಗೆ ತೋರಿಸಬೇಕು.