ಕತ್ತಲೆ ಬಾಡಿಗೆಗೆ ಬೇಕಾಗಿದೆ

ವರ್ಷದ ದೊಡ್ಡ ಉಲ್ಕಾಪಾತಗಳ ಪೈಕಿ ಬೆಂಗಳೂರಿಗೆ ಒದಗಿಬರುವುದು ಡಿಸೆಂಬರ್ 13-14ರ ಸುಮಾರಿಗೆ ಉತ್ತುಂಗಕ್ಕೇರುವ ಜೆಮಿನಿಡ್ಸ್. ಆಗಸ್ಟ್ ತಿಂಗಳ ಪರ್ಸೀಡ್ಸ್ ಸಾಮಾನ್ಯವಾಗಿ ನಮ್ಮ ಮಳೆಮೋಡಗಳ ಆಚೆಗೇ ಸುರಿದು ಮುಗಿದಿರುತ್ತದೆ. ಅಪ್ಪಟ ಕತ್ತಲೆಯಿದ್ದರೆ ಜೆಮಿನಿಡ್ಸ್‌ನಲ್ಲಿ ಗಂಟೆಗೆ ನೂರಕ್ಕೂ ಹೆಚ್ಚು ಉಲ್ಕೆಗಳು ಕಾಣಬಹುದು. ಆದರೆ ಅಪ್ಪಟ ಕತ್ತಲೆಯೆಂಬುದು ನಮ್ಮ ಬಡಾವಣೆಯಲ್ಲಿ ಕಾವೇರಿ ನೀರಿಗಿಂತಲೂ ದುರ್ಲಭ.

ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ನಡುವೆ ಬಿಳಿ ಬೆಳಕು ಬಿತ್ತೋ, ಲೆಕ್ಕ ಮತ್ತೆ ಸೊನ್ನೆಯಿಂದ. ನಾನು ತಾರಸಿಯಲ್ಲಿ ನೀರಿನ ಟ್ಯಾಂಕಿನ ಮರೆಗೆ ಚಾಪೆ ಹಾಸಿ, ಮಂಕಿ ಟೋಪಿ ಧರಿಸಿ, ಪುನರ್ವಸುವಿನ ಜೋಡಿ ನಕ್ಷತ್ರಗಳತ್ತ ಮುಖಮಾಡಿ ಮಲಗಿ, ಕಣ್ಣು ಇನ್ನೇನು ಹದಕ್ಕೆ ಬಂತು ಎನ್ನುವಾಗ, ಟ್ಯಾಂಕ್ ತುಂಬಿತೇ ಎಂದು ನೋಡಲು ಬಂದ ಮನೆ ಮಾಲೀಕರು ಮೊಬೈಲ್ ಟಾರ್ಚನ್ನು ನೇರವಾಗಿ ನನ್ನ ಮುಖಕ್ಕೇ ಹಿಡಿದು, "ಯಾರ್ರೀ ಅದು?" ಎಂದು ಗದರಿದರು.

"ನಾನು ಅಂಕಲ್, ಉಲ್ಕೆ ನೋಡ್ತಿದೀನಿ."

"ಎಲ್ಲಿ?" ಎನ್ನುತ್ತ ಅವರು ಅದೇ ಟಾರ್ಚನ್ನು ಆಕಾಶಕ್ಕೆ ಬಿಟ್ಟು ಹುಡುಕತೊಡಗಿದರು.

ಟಾರ್ಚ್ ಆರಿಸಿಕೊಂಡ ಮೇಲೆ ವಿವರಿಸಿದೆ: 1983ರಲ್ಲಿ ಪತ್ತೆಯಾದ ಫೇಥಾನ್ ಎಂಬ ಕ್ಷುದ್ರಗ್ರಹ ತನ್ನ ದಾರಿಯುದ್ದಕ್ಕೂ ಉದುರಿಸಿದ ಕಣಗಳ ನಡುವೆ ಭೂಮಿ ಪ್ರತಿ ಡಿಸೆಂಬರಿನಲ್ಲೂ ಹಾದುಹೋಗುತ್ತದೆ, ಅವು ಸೆಕೆಂಡಿಗೆ ಸುಮಾರು 35 ಕಿಲೋಮೀಟರ್ ವೇಗದಲ್ಲಿ ವಾತಾವರಣಕ್ಕೆ ನುಗ್ಗಿ ಉರಿಯುತ್ತವೆ. ಅಂಕಲ್ ಗಂಭೀರರಾದರು. "ನಮ್ಮ ಟ್ಯಾಂಕಿಗೇನೂ ಬೀಳಲ್ಲ ತಾನೇ?" ಹೆಚ್ಚಿನವು ಮರಳಿನ ಕಣದಷ್ಟೇ ಇದ್ದು ಎಷ್ಟೋ ಎತ್ತರದಲ್ಲೇ ಉರಿದುಹೋಗುತ್ತವೆಂದು ಭರವಸೆ ಕೊಟ್ಟ ಮೇಲಷ್ಟೇ ಅವರು ಚಾಪೆಯ ತುದಿಯಲ್ಲಿ ಕುಳಿತರು.

ಅಷ್ಟರಲ್ಲಿ ಆಂಟಿ ಕಾಫಿ ತಂದರು. ತರುವಾಗ, "ಪಾಪ, ಕತ್ತಲಲ್ಲಿ ಕೂತಿದ್ದೀರಲ್ಲಾ" ಎಂದು ಮೆಟ್ಟಿಲ ಮೇಲಿನ ಟ್ಯೂಬ್‌ಲೈಟನ್ನೂ ಹಾಕಿಕೊಂಡೇ ಬಂದರು. ನನಗೆ ತಿಳಿದ ಮಟ್ಟಿಗೆ, ಖಗೋಳ ವೀಕ್ಷಣೆಗೆ ಮೋಡಕ್ಕಿಂತ ದೊಡ್ಡ ಅಡ್ಡಿ ಅಂತಃಕರಣ.

ಆಗ ಕರೆಂಟು ಹೋಯಿತು. ಬೀದಿದೀಪ, ಟ್ಯೂಬ್‌ಲೈಟು, ಎದುರಿನ ಅಂಗಡಿಯ ಬೋರ್ಡು ಎಲ್ಲವೂ ಒಮ್ಮೆಲೇ ಆರಿ, ಪಕ್ಕದ ಅಪಾರ್ಟ್‌ಮೆಂಟಿನ ಜನರೇಟರ್ ಗುಡುಗುವುದರೊಳಗಿನ ಆ ಚೂರು ಅವಕಾಶದಲ್ಲಿ, ಕಣ್ಣು ಹೊಂದಿಕೊಳ್ಳುವ ಗೊಡವೆಯೇ ಬೇಡದಷ್ಟು ಉಜ್ವಲವಾದ ಉಲ್ಕೆಯೊಂದು ನಮ್ಮ ನೆತ್ತಿಯ ಮೇಲೆ ಗೀರೆಳೆದು ಹೋಯಿತು. ಆಂಟಿಯ ಲೋಟದಿಂದ ಕಾಫಿ ಚಾಪೆಗೆ ತುಳುಕಿತು. ಅಷ್ಟರಲ್ಲೇ ಕರೆಂಟು ಮರಳಿತು.

ಕರೆಂಟು ಹೋದಾಗಲೆಲ್ಲ ಫೋನ್ ಹಿಡಿದು ದೂರು ಕೊಡುವ ಅಂಕಲ್ ಈಗಲೂ ಫೋನ್ ತೆಗೆದು, "ಇನ್ನೊಂದರ್ಧ ಗಂಟೆ ತೆಗೀತಾರೇನೋ ಕೇಳ್ಲಾ?" ಎಂದರು.