ಸೊಳ್ಳೆಗೆ ಕೆಲಸವೇ ಇಲ್ಲ

ಮಲೇರಿಯಾ ಹರಡಲು ಸೊಳ್ಳೆಯೇ ಬೇಕಿಲ್ಲ, ದಾನಿಯ ರಕ್ತದ ಚೀಲವೂ ಸಾಕು. ಅದಕ್ಕೇ ರಕ್ತದಾನದ ಅರ್ಜಿಯ ಪ್ರಶ್ನೆಗಳನ್ನು ಬರೆದವರಿಗೆ ಹಾರ ಹಾಕಬೇಕು. ‘ಮಲೇರಿಯಾ ಇರುವ ಜಾಗಕ್ಕೆ ಹೋಗಿದ್ದೀರಾ?’ ಒಳ್ಳೆಯ ಪ್ರಶ್ನೆ. ಅಮೆರಿಕದಲ್ಲಿ 2020ರ ನಿಯಮದ ಪ್ರಕಾರ, ಅಂಥ ದೇಶ ಸುತ್ತಿ ಬಂದವರು 3 ತಿಂಗಳು ರಕ್ತ ಕೊಡುವಂತಿಲ್ಲ. ಅಲ್ಲೇ ವಾಸ ಇದ್ದು ಬಂದವರಿಗೆ 3 ವರ್ಷ. ಈಗ ಅದೇ ಪ್ರಶ್ನೆಯನ್ನು ಮಲೇರಿಯಾ ಸೀಮೆಯಲ್ಲೇ ಹುಟ್ಟಿ, ಅಲ್ಲೇ ತೋಳು ಚಾಚಿ ಕೂತವನಿಗೆ ಕೇಳಿ ನೋಡಿ. ಹೋಗಿಲ್ಲ ಸ್ವಾಮಿ, ನಾನು ಅಲ್ಲಿಂದ ಆಚೆಗೇ ಬಂದಿಲ್ಲ! ಅವನನ್ನು ಬೇಡ ಅಂದರೆ ಊರಲ್ಲಿ ಇನ್ನೊಬ್ಬ ದಾನಿ ಸಿಗುವುದಿಲ್ಲ. ಹಾಗಾಗಿ ಎಲ್ಲರೂ ಓಕೆ.

‘ಜ್ವರ ಇದೆಯಾ?’ ಇಲ್ಲ. ಪಾಪ, ನಿಜವನ್ನೇ ಹೇಳುತ್ತಾನೆ. ಚಿಕ್ಕಂದಿನಿಂದ ಕಚ್ಚಿಸಿಕೊಂಡು ಅವನ ಮೈ ರೋಗಾಣುಗಳ ಜೊತೆ ರಾಜಿ ಮಾಡಿಕೊಂಡಿದೆ. ಅವು ಒಳಗಿರುತ್ತವೆ, ಇವನು ಆರಾಮಾಗಿ ಓಡಾಡುತ್ತಾನೆ.

ಪರೀಕ್ಷೆ ಮಾಡ್ತೀವಲ್ಲ ಅಂತೀರಾ? ಸೂಕ್ಷ್ಮದರ್ಶಕದಲ್ಲಿ ಚೆನ್ನಾಗಿ ಪಳಗಿದ ಕಣ್ಣಿಗೂ ಒಂದು ಮೈಕ್ರೋಲೀಟರಿನಲ್ಲಿ, ಅಂದರೆ ಮಿಲಿಯ ಸಾವಿರದ ಒಂದು ಪಾಲಿನಲ್ಲಿ, ಸುಮಾರು 50 ರೋಗಾಣು ಇದ್ದರೆ ಕಾಣುತ್ತವೆ. ಅದಕ್ಕಿಂತ ಕಡಿಮೆ ಇದ್ದರೆ ಕಷ್ಟ. 450 ಮಿಲಿಯ ಚೀಲಕ್ಕೆ ನೀವೇ ಗುಣಿಸಿ. ಹತ್ತಿರ ಹತ್ತಿರ ಎರಡು ಕೋಟಿ ಒಳಗೆ ಕೂತಿದ್ದರೂ ‘ನೆಗೆಟಿವ್’ ಅಂತ ಸೀಲು ಬೀಳಬಹುದು. ಫ್ರಿಜ್‌ನಲ್ಲಿ ಸಾಯುತ್ತವೆ ಅಂದ್ಕೊಂಡಿರಾ? 4 ಡಿಗ್ರಿಯಲ್ಲಿ ದಿನಗಟ್ಟಲೆ ಬದುಕುತ್ತವೆ, ಕೆಲವೊಮ್ಮೆ ವಾರಗಟ್ಟಲೆ.

ಇಲ್ಲಿ ವ್ಯಾಗ್ನರ್-ಯೌರೆಗ್ ಅನ್ನುವ ಮನೋವೈದ್ಯ ಮಹಾಶಯರನ್ನು ನೆನೆಯಲೇಬೇಕು. 1917ರಲ್ಲಿ ವಿಯೆನ್ನಾದಲ್ಲಿ, ಸಿಫಿಲಿಸ್ ಅನ್ನುವ ಲೈಂಗಿಕ ರೋಗ ಮಿದುಳಿಗೆ ಏರಿದ ರೋಗಿಗಳಿಗೆ ಬೇಕಂತಲೇ ಮಲೇರಿಯಾ ರಕ್ತ ಚುಚ್ಚಿದರು. ಜ್ವರದ ಕಾವಿಗೆ ಸಿಫಿಲಿಸ್ ಸಾಯಲಿ ಅಂತ. ಆಮೇಲೆ ಮಲೇರಿಯಾ ಇಳಿಸಲು ಕ್ವಿನೈನ್ ಔಷಧಿ. ಕೆಲವರು ಗುಣವಾದರು, ಕೆಲವರು ಹೋದರು. 1927ರಲ್ಲಿ ನೊಬೆಲ್ ಬಂತು. ಈಗ ನಮ್ಮ ಸಾಧನೆ ನೋಡಿ: ರಕ್ತದಲ್ಲಿ ಸಿಫಿಲಿಸ್ ಇಲ್ಲ ಅಂತ ಪರೀಕ್ಷಿಸಿ ಖಾತ್ರಿ ಮಾಡಿಕೊಂಡು, ಆಮೇಲೆ ಮಲೇರಿಯಾ ಕೊಡುತ್ತೇವೆ. ನೊಬೆಲ್ ಸಮಿತಿ ಮಾತ್ರ ಇನ್ನೂ ಗಮನಿಸಿಲ್ಲ.

ಈ ರಕ್ತ ಯಾರಿಗೆ ಹೋಗುತ್ತದೆ ಗೊತ್ತಲ್ವಾ? ಆಫ್ರಿಕಾದ ಮಲೇರಿಯಾ ಸೀಮೆಗಳಲ್ಲಿ ಹೆಚ್ಚಾಗಿ ಐದು ವರ್ಷದೊಳಗಿನ ಮಕ್ಕಳಿಗೆ, ಹೆರಿಗೆಯಲ್ಲಿ ರಕ್ತ ಹೋದ ತಾಯಂದಿರಿಗೆ. ಮಲೇರಿಯಾ ಬಂದು ರಕ್ತ ಇಂಗಿದ ಮಗುವಿಗೆ ಮಲೇರಿಯಾ ಇರುವ ರಕ್ತ. ಜೊತೆಗೆ ಮಾತ್ರೆ ಕೊಟ್ಟರಾಯಿತು ಅನ್ನುವ ಸಲಹೆ ಬೇರೆ. ನಗು ಬರುತ್ತಿಲ್ಲ, ಕ್ಷಮಿಸಿ. ರಕ್ತದಿಂದ ಮಲೇರಿಯಾ ಹರಡುತ್ತದೆ ಅಂತ ವೈದ್ಯರು ಬರೆದಿಟ್ಟಿದ್ದು 1911ರಲ್ಲಿ.

ದಾರಿಯೇ ಇಲ್ಲ ಅಂತಲೂ ಅಲ್ಲ. ಘಾನಾದ ಕುಮಾಸಿಯಲ್ಲಿ ರಕ್ತಕ್ಕೆ ರೈಬೊಫ್ಲೇವಿನ್ ಬೆರೆಸಿ ನೇರಳಾತೀತ ಬೆಳಕು ಹಾಯಿಸಿದರು. ಒಂದು ವಿಟಮಿನ್, ಒಂದಿಷ್ಟು ಬೆಳಕು, ಅಷ್ಟೇ. 2016ರಲ್ಲಿ ಫಲಿತಾಂಶ ಬಂತು. ರೋಗಾಣು ಇದ್ದ ರಕ್ತವನ್ನು ಹಾಗೇ ಕೊಟ್ಟಾಗ ಶೇ 22 ಮಂದಿಗೆ ಮಲೇರಿಯಾ ಅಂಟಿತ್ತು, ಹೀಗೆ ಮಾಡಿ ಕೊಟ್ಟಾಗ ಶೇ 4. ಆದರೆ ಯಂತ್ರಕ್ಕೆ ದುಡ್ಡು ಬೇಕು, ಕರೆಂಟ್ ಬೇಕು. ಜೂನ್ 14ರಂದು ರಕ್ತದಾನಿಗಳ ದಿನ ಅಂತ ವೇದಿಕೆ ಹತ್ತುವವರು ಆ ದುಡ್ಡು ಯಾರು ಕೊಡುತ್ತಾರೆ ಅನ್ನುವುದನ್ನೂ ಅಲ್ಲೇ ಮೈಕಿನಲ್ಲಿ ಹೇಳಿಬಿಡಲಿ.